ಮೂರು ಹಿಡಿ ಮಣ್ಣು

ಹಳೇಬೀಡಿಗೆ ಬರುವ ಯಾತ್ರಿಕರು ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಶಿಲ್ಪಪಂಕ್ತಿಗಳನ್ನು ಕಂಡು ಬೆರಗಾಗುತ್ತಾರೆ. ಆನೆಗಳ ಸಾಲು, ಸಿಂಹಗಳ ಸಾಲು, ಅದರ ಮೇಲೆ ಕುದುರೆ ಸವಾರರು, ರಾಮಾಯಣ ಮಹಾಭಾರತಗಳ ಕಥಾಭಾಗಗಳು, ಇವುಗಳ ಸುತ್ತ ಒಂದು ಪ್ರದಕ್ಷಿಣೆ ಹಾಕುವಷ್ಟರಲ್ಲಿ ಹೊತ್ತು ಮೀರುತ್ತದೆ, ಬಸ್ಸಿನವನು ಕರೆಯುತ್ತಾನೆ. ಆದುದರಿಂದಲೇ ದೇವಾಲಯದ ದಕ್ಷಿಣ ಪಾರ್ಶ್ವದಲ್ಲಿ ಒಂಟಿಯಾಗಿ ನಿಂತಿರುವ ಕಂಬದ ಬಳಿಗೆ ಹೋಗಿ ನಿಂತು ನೋಡುವವರು ವಿರಳ. ಅದಕ್ಕೆ ಗರುಡಗಂಬವೆಂದು ಹೆಸರು. ಅದರ ನಡುಭಾಗದಲ್ಲಿ ಸುತ್ತಲೂ ಆಳುಗಳ ವಿಗ್ರಹಗಳಿವೆ. ಕೈಯಲ್ಲಿ ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಅರಿದೊಪ್ಪಿಸುತ್ತಿರುವವರು ಅವರು.

೧೨೨೦ರಲ್ಲಿ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮನು ಹೆಂಡತಿ ಸುಗ್ಗಲದೇವಿಯೊಡನೆ, ತನ್ನ ವೀರರೊಡನೆ, ಪ್ರಾಣವನ್ನು ಬಿಟ್ಟನೆಂದು ಆ ಕಂಬದ ಶಾಸನ ಹೇಳುತ್ತದೆ. ರೈಸ್ ಸಾಹೇಬರು ೧೯೦೨ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನಸಂಪುಟದಲ್ಲಿ ಅದರ ಪಾಠವನ್ನು ಕಾಣಬಹುದು. ಒಡೆಯನ ಅನಂತರ ಬದುಕಿರಲಾರೆವೆಂಬ ಭಾಷೆಗೆ ಗುರುತಾಗಿ ಗರುಡರು ಕಾಲಿಗೆ ತೊಡರನ್ನು ಕಟ್ಟಿಕೊಳ್ಳುತ್ತಿದ್ದರು. ಈ ಪದ್ಧತಿಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ವೇಳೆವಾಳಿಯ ಹೆಸರಿನಲ್ಲಿ ಹರೆಯದ ಗಂಡಸರು ಕೊರಳು ಕೊಯ್ದುಕೊಳ್ಳುವ ಕಾಲ ಕಳೆದುಹೋದದ್ದು ಲೋಕಕ್ಕೆ ಒಳ್ಳೆಯದೇ ಆಯಿತು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಬೇರೊಂದು ಅಂಶ. ಆ ಕಾಲದಲ್ಲಿ ತರುಣರ ಶೋಕಕ್ಕೆ ಊರ ನಡುವೆ ಒಂದು ಸ್ಥಳವಿದ್ದಿತು. ಅದನ್ನು ಪದ್ಯದಲ್ಲಿ ಹೇಳುವ ಕವಿಯಿದ್ದನು, ಕಲ್ಲಿನಲ್ಲಿ ಬಿಡಿಸುವ ರೂವಾರಿಯಿದ್ದನು. ನಮ್ಮ ಬೇಲೂರು, ಅರಸೀಕೆರೆ ಸೀಮೆಯ ಕೆರೆ ಏರಿಗಳ ಮೇಲೆ, ಹೊಲದ ಬದುಗಳಲ್ಲಿ ನಿಂತಿರುವ ವೀರಗಲ್ಲುಗಳಾದರೂ ಹೇಳುವುದೇನನ್ನು? ತುರುಗೋಳಿನಲ್ಲಿ ಸತ್ತ, ಇಪ್ಪತ್ತು ಇಪ್ಪತ್ತೈದು ವಯಸ್ಸಿದ್ದಿರಬಹುದಾದ ಯಾವನೋ ಒಬ್ಬನನ್ನು ಊರು ಮರೆಯಲಿಲ್ಲವೆಂಬುದನ್ನೇ ಅಲ್ಲವೆ?

ಅಂಥ ನೆಲದಲ್ಲಿ ಹುಟ್ಟಿದ ಇಂದಿನ ತರುಣನೊಬ್ಬನು ಸೆರೆಮನೆಯಲ್ಲಿದ್ದಾಗ ಅವನ ಮನೆಯಲ್ಲಿ ಸಾವು ಸಂಭವಿಸಿದರೆ ಅವನು ಏನು ಮಾಡುತ್ತಾನೆ? ಎಲ್ಲಿ ಅಳುತ್ತಾನೆ? ಯಾರ ಅಪ್ಪಣೆ ಪಡೆದು ಅಳುತ್ತಾನೆ? ಕನ್ನಡ ಪಾಠ ಹೇಳುವವನಿಗೆ ಈ ವಿಚಾರವೇಕೆಂದು ಓದುಗರು ಕೇಳಬಹುದು. ನನ್ನ ತರಗತಿಯ ಬೆಂಚಿನಿಂದ ಎದ್ದುಹೋದ ಒಬ್ಬ ಹುಡುಗನ ದೆಸೆಯಿಂದ ಇದು ನನ್ನ ವಿಚಾರವೂ ಆಯಿತು. ಅವನ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಸೆರೆಯೊಳಗಣ ದುಃಖವೆಂದರೆ ನಮಗೆ ಮೊದಲು ನೆನಪಾಗುವವರು ಸ್ವಾತಂತ್ರ್ಯ ಹೋರಾಟದವರು. ಶಿಕಾರಿಪುರ ತಾಲ್ಲೂಕಿನ ಈಸೂರಿನ ಐವರನ್ನು ೧೯೪೩ರ ಮಾರ್ಚ್ ೮, ೯, ೧೦ ಈ ಮೂರು ದಿನಗಳಲ್ಲಿ ಗಲ್ಲಿಗೇರಿಸಲಾಯಿತು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ, ಈ ಹೆಸರುಗಳನ್ನು ಇಂದಿಗೂ ಶಾಲೆಯ ಮಕ್ಕಳು ಹೇಳುತ್ತಾರೆ. ಆದರೆ ಆ ಮೂರು ದಿನಗಳನ್ನು ಕುರಿತು ಯಾರೂ ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ. ಮೊದಲನೆಯ ದಿನ ಹೋದವರು ಒಂದೇ ಊರಿನವರು, ಒಂದೇ ಕೆರೆಯ ನೀರು ಕುಡಿದವರು. ಮೂರನೆಯ ದಿನದ ಸರದಿಯವನು ಅವರಿಗಾಗಿ ದುಃಖಿಸಿದನೋ, ತನಗಾಗಿಯೋ? ಎರಡಕ್ಕೂ ಅವನಿಗೆ ಉಳಿದಿದ್ದದ್ದು ಎಷ್ಟು ಗಳಿಗೆ? ಇದಾದ ಮೂರು ವಾರಕ್ಕೆ ಸರಿಯಾಗಿ, ಅದೇ ಮಾರ್ಚ್ ೨೯ರಂದು, ಕಾಸರಗೋಡು ಸೀಮೆಯ ಕಯ್ಯೂರಿನ ಅಪ್ಪು, ಚಿರುಕಂಡ, ಕುಞಂಬು ನಾಯರ್, ಅಬೂಬಕ್ಕರ್ ಎಂಬ ನಾಲ್ವರನ್ನು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಅದೇ ಮೊಕದ್ದಮೆಯಲ್ಲಿ ಮರಣದಂಡನೆಯಿಂದ ಪಾರಾದವನು ಚೂರಿಕ್ಕಾಡನ್ ಕೃಷ್ಣನ್ ನಾಯರ್. ಅವನಿಗೆ ಇನ್ನೂ ಪ್ರಾಯ ತುಂಬಿರಲಿಲ್ಲವೆಂಬುದೇ ಅವನು ಉಳಿಯಲು ಕಾರಣ. ಒಡನಾಡಿಗಳು ನಾಲ್ವರೂ ಹೋದಮೇಲೆ ಉಳಿದ ಹುಡುಗನ ಪಾಲಿಗೆ ಆ ಉಳಿವು ಎಂಥದಾಗಿದ್ದಿರಬಹುದು! ನಿರಂಜನರು ೧೯೫೫ರಲ್ಲಿ ಪ್ರಕಟಿಸಿದ ‘ಚಿರಸ್ಮರಣೆ’ ಕಯ್ಯೂರಿನವರನ್ನು ಕನ್ನಡದ ಮನೆಮನೆಗೆ ತಂದಿತು. ಈಸೂರಿನವರಿಗೂ ಕಯ್ಯೂರಿನವರಿಗೂ ನಾಡು ತನ್ನದೇ ಆದ ವೀರಗಲ್ಲನ್ನು ನಿಲ್ಲಿಸಿತೆನ್ನಬೇಕು.

ನಾನು ಹೇಳಹೊರಟವರಿಗೆ ಅಂಥ ಕಲ್ಲಿಲ್ಲ. ಅವರು ದೇಶಕ್ಕಾಗಿ ಸೆರೆಗೆ ಹೋದವರಲ್ಲ. ಜಾತ್ರೆಯ ಹೊಡೆದಾಟ, ಬದುವಿನ ಜಗಳ, ಮೋಟಾರ್ ಸೈಕಲ್ಲಿನ ಕಳವು, ಪ್ರೇಮದ ಹುಚ್ಚಾಟ, ಇಂಥವುಗಳಲ್ಲಿ ಸಿಕ್ಕಿಕೊಂಡವರು. ಕೆಲವರು ತಪ್ಪು ಮಾಡಿರುತ್ತಾರೆ, ಕೆಲವರು ಮಾಡಿರುವುದಿಲ್ಲ. ಹೆಚ್ಚಿನವರ ವಿಷಯದಲ್ಲಿ ಅದು ಇನ್ನೂ ತೀರ್ಮಾನವಾಗಿರುವುದೇ ಇಲ್ಲ. ೨೦೨೨ರ ಕೊನೆಗೆ ನಮ್ಮ ದೇಶದ ಕಾರಾಗೃಹಗಳಲ್ಲಿದ್ದ ೫,೭೩,೨೨೦ ಮಂದಿಯಲ್ಲಿ ೪,೩೪,೩೦೨ ಮಂದಿ ವಿಚಾರಣಾಧೀನರು. ಎಂದರೆ ನಾಲ್ವರಲ್ಲಿ ಮೂವರು. ಆ ವಿಚಾರಣಾಧೀನರಲ್ಲಿ ಸರಿಸುಮಾರು ಅರ್ಧದಷ್ಟು ಜನ ಹದಿನೆಂಟರಿಂದ ಮೂವತ್ತರೊಳಗಿನವರು. ಈ ವಯಸ್ಸು ಅಜ್ಜ ಅಜ್ಜಿಯರು ಹೋಗುವ ವಯಸ್ಸು, ತಂದೆತಾಯಿಗಳಿಗೆ ಕಾಯಿಲೆ ಕಾಣಿಸಿಕೊಳ್ಳುವ ವಯಸ್ಸು. ಸಾವು ಮೊಕದ್ದಮೆ ಮುಗಿಯಲೆಂದು ಕಾದುಕೊಂಡಿರುವುದಿಲ್ಲ.

ಮೇಲೆ ಹೇಳಿದ ಹುಡುಗನ ಊರು ದ್ವಾರಸಮುದ್ರದ ಕೆರೆಯಿಂದಾಚೆಗಿರುವ ಹಳ್ಳಿಗಳಲ್ಲೊಂದು. ಹೆಸರು ಬೇಡ, ಗುರುತು ಸಿಕ್ಕದಿರಲೆಂದು ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಬಿ.ಎ. ಎರಡನೆಯ ವರ್ಷದಲ್ಲಿದ್ದನು, ವಯಸ್ಸು ಇಪ್ಪತ್ತೊಂದು. ತಂದೆ ರಾಗಿ, ಆಲೂಗೆಡ್ಡೆ ಬೆಳೆಯುವ ರೈತ. ೨೦೧೭ರಲ್ಲಿ ಊರ ಹಬ್ಬದ ರಾತ್ರಿ ಎರಡು ಗುಂಪುಗಳ ನಡುವೆ ಹೊಡೆದಾಟವಾಯಿತು. ಪೆಟ್ಟು ತಿಂದವನೊಬ್ಬನು ಐದನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡನು. ದೂರಿನಲ್ಲಿ ಹನ್ನೊಂದು ಹೆಸರುಗಳಿದ್ದವು. ಏಳನೆಯದು ನಮ್ಮ ಹುಡುಗನದು.

ಅವನು ಒಳಗಿದ್ದಾಗ, ೨೦೧೮ರ ಜನವರಿಯಲ್ಲಿ, ತಂದೆ ಹೊಲದಿಂದ ಬಂದು ಜಗಲಿಯ ಮೇಲೆ ಮಲಗಿದವನು ಮತ್ತೆ ಏಳಲಿಲ್ಲ. ಅಂದು ತಿಂಗಳ ಎರಡನೆಯ ಶನಿವಾರ, ಮರುದಿನ ಭಾನುವಾರ, ಸೋಮವಾರ ಸಂಕ್ರಾಂತಿಯ ರಜೆ.

ವಾಚಕರು ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ಶಿಕ್ಷೆಗೊಳಗಾದ ಕೈದಿಗೆ ಪೆರೋಲ್ ಎಂಬ ವ್ಯವಸ್ಥೆಯುಂಟು. ಹತ್ತಿರದ ಬಂಧುವಿನ ಮರಣವು ಅದಕ್ಕೆ ಯೋಗ್ಯ ಕಾರಣವೆಂದು ನಿಯಮಗಳೇ ಒಪ್ಪುತ್ತವೆ. ವಿಚಾರಣಾಧೀನನಿಗೆ ಆ ದಾರಿಯಿಲ್ಲ. ಅಪರಾಧಿಯೆಂದು ಇನ್ನೂ ತೀರ್ಮಾನವಾಗದವನಿಗೆ ಅಪರಾಧಿಗಿರುವ ಸೌಲಭ್ಯವೂ ಇಲ್ಲವೆಂಬುದು ವಿಚಿತ್ರವಾಗಿ ಕಾಣಬಹುದು. ಅವನು ನ್ಯಾಯಾಲಯದ ವಶದಲ್ಲಿರುವವನಾದುದರಿಂದ ನ್ಯಾಯಾಲಯವೇ ಅಪ್ಪಣೆ ಕೊಡಬೇಕೆಂಬುದು ಅದರ ತರ್ಕ. ಮನೆಯವರು ವಕೀಲರನ್ನು ಕಾಣಬೇಕು. ವಕೀಲರು ಅರ್ಜಿ ಬರೆಯಬೇಕು. ಸತ್ತದ್ದು ನಿಜವೆಂಬುದಕ್ಕೆ ಏನಾದರೊಂದು ಕಾಗದ ಬೇಕು. ಸರ್ಕಾರಿ ಅಭಿಯೋಜಕರು ತಮ್ಮ ಆಕ್ಷೇಪಣೆಯನ್ನು ಹೇಳಬೇಕು. ಆಜ್ಞೆಯಾದ ಮೇಲೆ ಅದರ ನಕಲು ಕಾರಾಗೃಹಕ್ಕೆ ಮುಟ್ಟಬೇಕು. ಕಾರಾಗೃಹದವರು ಬೆಂಗಾವಲಿಗಾಗಿ ಪೊಲೀಸ್ ಇಲಾಖೆಗೆ ಬರೆಯಬೇಕು. ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಅಂದು ಆಳುಗಳಿರಬೇಕು, ವ್ಯಾನಿರಬೇಕು. ಇಷ್ಟೂ ಕೂಡಿಬರುವುದಕ್ಕೆ ಕೆಲಸದ ದಿನಗಳಲ್ಲಿಯೇ ಎರಡು ದಿನ ಹಿಡಿದರೆ ಆಶ್ಚರ್ಯವಿಲ್ಲ. ನಮ್ಮ ಹಳ್ಳಿಗಳಲ್ಲಿ ಹೆಣವನ್ನು ಒಂದು ಹಗಲಿಗಿಂತ ಹೆಚ್ಚು ಇಟ್ಟುಕೊಳ್ಳುವ ವಾಡಿಕೆಯಿಲ್ಲ. ರಜೆಯ ದಿನ ನ್ಯಾಯಾಧೀಶರ ಮನೆಗೇ ಹೋಗಿ ಅರ್ಜಿ ಕೊಡಬಹುದೆಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಯಾರೂ ಆ ರಾತ್ರಿ ಆ ಹಳ್ಳಿಯಲ್ಲಿರಲಿಲ್ಲ.

ಭಾನುವಾರ ಮಧ್ಯಾಹ್ನ ಮಣ್ಣಾಯಿತು. ಹಿರಿಯ ಮಗನಿಲ್ಲದ್ದರಿಂದ ಚಿಕ್ಕಪ್ಪನ ಮಗನು ನೀರಿನ ಮಡಕೆಯನ್ನು ಹೆಗಲಮೇಲಿಟ್ಟು ಗುಂಡಿಯನ್ನು ಮೂರು ಸುತ್ತು ಬಂದನು. ಹಿರಿಯ ಮಗನು ಮೊದಲು ಹಾಕಬೇಕಾದ ಮೂರು ಹಿಡಿ ಮಣ್ಣನ್ನೂ ಅವನೇ ಹಾಕಿದನು. ಮೂರನೆಯ ದಿನ ಹಾಲು ತುಪ್ಪ ಬಿಟ್ಟರು. ಮಗನು ಬಂದದ್ದು ಐದನೆಯ ದಿನ, ಬುಧವಾರ.

ಅವನಿಗೆ ಸುದ್ದಿ ಮುಟ್ಟಿದ ಬಗೆಯನ್ನು ಅವನೇ ನನಗೆ ಮುಂದೊಂದು ದಿನ ಹೇಳಿದನು. ಸಂಜೆಯ ಎಣಿಕೆಯ ಹೊತ್ತಿಗೆ ಕಾವಲಿನವರೊಬ್ಬರು ಬಳಿಗೆ ಬಂದು, ದನಿ ತಗ್ಗಿಸಿ, “ಊರಿಂದ ಫೋನ್ ಬಂದಿತ್ತು ಕಣಯ್ಯ, ನಿಮ್ಮಪ್ಪ ಹೋಗ್ಬಿಟ್ರಂತೆ” ಎಂದರಂತೆ. ಅವರು ಒಳ್ಳೆಯ ಮನುಷ್ಯರೇ. ಆದರೆ ಎಣಿಕೆ ಮುಗಿಯುವವರೆಗೆ ಸಾಲಿನಿಂದ ಏಳುವಂತಿರಲಿಲ್ಲ. ಇವನು ಸಾಲಿನಲ್ಲಿಯೇ ಕುಳಿತಿದ್ದನು. ರಾತ್ರಿ ಅರವತ್ತು ಜನರು ಮಲಗುವ ಕೋಣೆಯಲ್ಲಿ ಅಳು ಬರಲಿಲ್ಲ. ಗಂಡಸರ ನಡುವೆ, ಅದರಲ್ಲಿಯೂ ಬಲವೇ ಮಾನವಾಗಿರುವ ಎಡೆಯಲ್ಲಿ, ಇಪ್ಪತ್ತೊಂದರ ಹುಡುಗನು ಅತ್ತನೆಂದರೆ ಮರುದಿನದಿಂದ ಅವನ ತಟ್ಟೆ, ಅವನ ಹೊದಿಕೆ, ಯಾವುದೂ ಅವನದಾಗಿ ಉಳಿಯುವುದಿಲ್ಲ. ಬೆಳಗಾಗುವ ಮುಂಚೆ ಒಬ್ಬ ಮುದುಕ ಕೈದಿ ಇವನನ್ನು ಎಬ್ಬಿಸಿ ನಲ್ಲಿಯ ಕೆಳಗೆ ಕೂರಿಸಿದನು. “ತಲೆ ಮ್ಯಾಲೆ ನೀರ್ ಬೀಳೋವಾಗ ಅತ್ಕೊಂಬಿಡು ಮಗ, ಯಾರಿಗೂ ಗೊತ್ತಾಗಲ್ಲ” ಎಂದನು. ಅವನಿಗೂ ಒಳಗಿದ್ದಾಗಲೇ ಮಗಳೊಬ್ಬಳು ಹೋಗಿದ್ದಳಂತೆ. ಧರ್ಮಶಾಸ್ತ್ರಗಳು ಸೂತಕದ ಸ್ನಾನವೆಂದು ಹೇಳುವುದು ಇದಕ್ಕಿಂತ ಬೇರೆಯಾಗಿರಲಾರದೆಂದು ನನಗೆ ತೋರುತ್ತದೆ.

ಬುಧವಾರ ಹನ್ನೊಂದು ಗಂಟೆಗೆ ವ್ಯಾನು ಹಳ್ಳಿಗೆ ಬಂದಿತು. ಎರಡು ಗಂಟೆಗೆ ಹಿಂದಿರುಗಬೇಕಾಗಿದ್ದಿತು. ಕೈಗೆ ಕೋಳವಿದ್ದಿತು. ಕೋಳ ತೊಡಿಸುವುದನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು ೧೯೮೦ರಲ್ಲಿ ಪ್ರೇಮಶಂಕರ ಶುಕ್ಲ ಎಂಬುವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಬರೆದ ಆ ತೀರ್ಪಿನ ಪ್ರಕಾರ ಕೋಳವೆಂಬುದು ವಾಡಿಕೆಯಾಗಕೂಡದು. ಓಡಿಹೋಗುವ ಭಯಕ್ಕೆ ನಿಜವಾದ ಆಧಾರವಿರಬೇಕು, ಕಾರಣವನ್ನು ಬರೆದಿಡಬೇಕು. ೧೯೯೫ರಲ್ಲಿ ಅದೇ ನ್ಯಾಯಾಲಯವು ಇನ್ನೂ ಬಿಗಿಯಾಗಿ ನುಡಿದು, ನ್ಯಾಯಾಧೀಶರ ಅನುಮತಿಯಿಲ್ಲದೆ ತೊಡಿಸಬಾರದೆಂದಿತು. ೨೦೨೪ರ ಜುಲೈ ಒಂದರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ, ಕೆಲವು ಘೋರ ಅಪರಾಧಗಳಲ್ಲಿ ಕೋಳ ಬಳಸಲು ಪೊಲೀಸರಿಗೆ ಮತ್ತೆ ಎಡೆಮಾಡಿಕೊಟ್ಟಿದೆ. ತೀರ್ಪುಗಳ ಮಾತು ಹಾಗಿರಲಿ. ಬೆಂಗಾವಲಿನ ಇಬ್ಬರಲ್ಲಿ ಕಿರಿಯವನು, ಅವನೂ ಯಾವುದೋ ರೈತನ ಮಗನೇ ಇರಬೇಕು, ಊರು ಹತ್ತಿರವಾದಾಗ ತನ್ನ ಹೆಗಲ ಟವಲನ್ನು ತೆಗೆದು ಕೋಳದ ಮೇಲೆ ಹೊದಿಸಿದನು.

ಸ್ಮಶಾನಕ್ಕೆ ಹೋಗುವುದಾಗಲಿಲ್ಲ. ಅದರ ದಾರಿ ಎದುರು ಗುಂಪಿನವರ ಕೇರಿಯನ್ನು ಹಾಯ್ದು ಹೋಗುತ್ತದೆ. ಅಲ್ಲಿ ಏನಾದರೂ ಆದರೆ ಹೊಣೆ ಯಾರದು? ಪೊಲೀಸರ ಹಿಂಜರಿಕೆಯನ್ನು ನಾನು ತಪ್ಪೆನ್ನಲಾರೆ. ಹುಡುಗನನ್ನು ತನ್ನ ಮನೆಯ ಜಗಲಿಯ ಮೇಲೆ ಕೂರಿಸಿದರು. ಸುದ್ದಿ ತಿಳಿದು ನಾನೂ ಅಲ್ಲಿಗೆ ಹೋಗಿದ್ದೆ. ಒಳಗೆ ಹತ್ತಾರು ಹೆಂಗಸರಿದ್ದರು. ನಮ್ಮ ಕಡೆ ಮಗ ಬಂದಾಗ ಹೆಂಗಸರು ಅವನನ್ನು ಹಿಡಿದುಕೊಂಡು, ಸತ್ತವನ ಗುಣಗಳನ್ನು ಹಾಡಿಕೊಂಡು ಅಳುವುದುಂಟು. ಆ ಅಳುವಿನ ಹೊಡೆತದಲ್ಲಿ ಗಂಡುಮಕ್ಕಳ ಬಿಗಿಯೂ ಸಡಿಲುತ್ತದೆ. ಅಂದು ಅವರು ಬಾಗಿಲವರೆಗೆ ಬಂದು ಖಾಕಿಯನ್ನು ಕಂಡು ನಿಂತುಬಿಟ್ಟರು. ಪೊಲೀಸರ ಮುಂದೆ ಹೇಗೆ ಅಳುವುದೆಂಬುದು ಅವರಿಗೆ ತಿಳಿಯದು. ತಾಯಿಯ ಕಣ್ಣು ಮೊದಲು ಹೋದದ್ದು ಟವಲಿನ ಮೇಲೆ. ಅದರ ಕೆಳಗೇನಿದೆಯೆಂಬುದು ಆಕೆಗೆ ಗೊತ್ತಾಯಿತು. ಏನನ್ನೂ ಕೇಳಲಿಲ್ಲ. “ಊಟ ಆಯ್ತೇನಪ್ಪ?” ಎಂದಳು. ಅವನು ಆಯಿತೆಂದನು. ಮೂರು ಗಂಟೆಯ ಕಾಲದಲ್ಲಿ ಅವರಿಬ್ಬರ ನಡುವೆ ನಡೆದ ಮಾತುಕತೆಯಲ್ಲಿ ನನಗೆ ಕೇಳಿಸಿದ್ದು ಇಷ್ಟೇ.

ಶೋಕವೆಂಬುದನ್ನು ನಾವು ಮನಸ್ಸಿನ ಸ್ಥಿತಿಯೆಂದು ತಿಳಿದಿದ್ದೇವೆ. ಅಲಂಕಾರಶಾಸ್ತ್ರವೂ ಅದನ್ನು ಕರುಣರಸದ ಸ್ಥಾಯಿಭಾವವೆಂದು ಹೇಳಿ ಮನಸ್ಸಿನೊಳಗೇ ಇರಿಸಿದೆ. ಆದರೆ ನಮ್ಮ ಹಳ್ಳಿಯವರು ಶೋಕವನ್ನು ಒಂದು ಕೆಲಸವೆಂದೇ ಬಲ್ಲರು. ಹೆಗಲು ಕೊಡಬೇಕು, ಗುಂಡಿ ತೋಡಬೇಕು, ಮಡಕೆ ಹೊರಬೇಕು, ಮಣ್ಣು ಹಾಕಬೇಕು, ಹಾಲೆರೆಯಬೇಕು, ತಲೆ ಬೋಳಿಸಿಕೊಳ್ಳಬೇಕು, ಹನ್ನೊಂದನೆಯ ದಿನ ಬಂದವರಿಗೆಲ್ಲ ಬಡಿಸಬೇಕು. ಕೈಕಾಲುಗಳು ಈ ಕೆಲಸಗಳನ್ನು ಮಾಡುತ್ತಿರುವಾಗ ಮನಸ್ಸು ಅವುಗಳ ಹಿಂದೆ ಹಿಂದೆ ಬಂದು, ತಂದೆ ಇನ್ನಿಲ್ಲವೆಂಬ ಸತ್ಯವನ್ನು ಮುಟ್ಟುತ್ತದೆ. ಸೆರೆಮನೆ ಕಿತ್ತುಕೊಳ್ಳುವುದು ಈ ಕೈಕಾಲುಗಳ ಕೆಲಸವನ್ನು. ಮನಸ್ಸೊಂದನ್ನೇ ಅದು ಬಿಟ್ಟುಕೊಡುತ್ತದೆ. ಒಂಟಿ ಮನಸ್ಸಿನಿಂದ ಆ ಸತ್ಯದವರೆಗೆ ನಡೆಯಲಾಗುವುದಿಲ್ಲ. ಹುಡುಗನು ನನಗೆ ಹೇಳಿದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಸೆರೆಗೆ ಮರಳಿದ ಮೇಲೆ ಎಷ್ಟೋ ತಿಂಗಳು, ಸಂದರ್ಶನದ ದಿನ ಬಂದಾಗಲೆಲ್ಲ, ಜಾಲರಿಯ ಆಚೆ ಅಪ್ಪ ಬಂದು ನಿಂತಿರಬಹುದೆಂದು ಅವನು ನೋಡುತ್ತಿದ್ದನಂತೆ.

ಹನ್ನೊಂದನೆಯ ದಿನ ಊರಿನಲ್ಲಿ ತಿಥಿ ನಡೆಯುತ್ತಿದ್ದಾಗ ಇತ್ತ ಇವನು ಅನ್ನದ ಸಾಲಿನಲ್ಲಿ ತನ್ನನ್ನು ನೂಕಿದವನೊಬ್ಬನ ಮುಖಕ್ಕೆ ತಟ್ಟೆಯಿಂದ ಹೊಡೆದನು. ಕಡತದಲ್ಲಿ ಅದು ಅಶಿಸ್ತೆಂದು ದಾಖಲಾಯಿತು. ಅಂದು ಯಾವ ದಿನವೆಂದು ಕಡತಕ್ಕೆ ತಿಳಿಯುವ ಬಗೆಯಿಲ್ಲ.

ಇದು ನಮ್ಮ ನಾಡಿಗೆ ಮಾತ್ರ ಸೇರಿದ ಸಂಗತಿಯಲ್ಲ. ಸ್ಕಾಟ್ಲೆಂಡಿನ ಪೋಲ್ಮಾಂಟ್ ಎಂಬಲ್ಲಿ ತರುಣ ಅಪರಾಧಿಗಳನ್ನಿರಿಸುವ ಸಂಸ್ಥೆಯಿದೆ. ಅಲ್ಲಿನ ಹುಡುಗರನ್ನು ನೀನಾ ವಾಸ್ವಾನಿ ಎಂಬ ಸಂಶೋಧಕಿ ಮಾತನಾಡಿಸಿ ೨೦೧೪ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅವರಲ್ಲಿ ಬಹುಮಂದಿ ಹತ್ತಿರದವರನ್ನು ಕಳೆದುಕೊಂಡವರು, ಒಬ್ಬರನ್ನಲ್ಲ, ಹಲವರನ್ನು, ಅದೂ ಅನೇಕ ವೇಳೆ ಅಪಘಾತ, ಕೊಲೆ, ಆತ್ಮಹತ್ಯೆಗಳಂಥ ದುರ್ಮರಣಗಳಲ್ಲಿ. ಇದನ್ನು ಓದಿದಾಗ ಒಂದು ಸಂಗತಿ ನನಗೆ ಹೊಳೆಯಿತು. ಸೆರೆಗೆ ಬಂದಮೇಲೆ ಉಂಟಾಗುವ ದುಃಖವನ್ನು ಮಾತ್ರ ನಾವು ಎಣಿಸುತ್ತೇವೆ; ಸೆರೆಗೆ ಬರುವ ಮುನ್ನವೇ ಈ ತರುಣರು ಹೊತ್ತು ತಂದ ದುಃಖದ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು ೧೯೮೯ರಷ್ಟು ಹಿಂದೆಯೇ ಇಂಥದಕ್ಕೊಂದು ಹೆಸರಿಟ್ಟರು. ಸಮಾಜವು ಮನ್ನಿಸದ, ಬಹಿರಂಗವಾಗಿ ತೋರಿಸಿಕೊಳ್ಳಲು ಹಕ್ಕಿಲ್ಲದ ದುಃಖವೆಂದು ಅದರ ಅರ್ಥ. ‘ಬಾಧ್ಯತೆ ತಪ್ಪಿಸಿದ ಶೋಕ’ ಎಂದರೆ ನಮ್ಮ ಕಂದಾಯ ಕಚೇರಿಯ ಮಾತಿಗೆ ಹತ್ತಿರವಾದೀತೇನೋ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ. ಹೊಡೆದಾಟದಲ್ಲಿ ಸತ್ತವನಿಗೊಬ್ಬ ತಮ್ಮನಿದ್ದನು. ಅವನೂ ನಮ್ಮ ಕಾಲೇಜಿಗೆ ಒಂದು ವರ್ಷ ಬಂದು ಬಿಟ್ಟವನು. ಆಗ ಅವನಿಗೆ ಇಪ್ಪತ್ತು. ನ್ಯಾಯದ ಯಂತ್ರದೊಳಗೆ ಸಿಕ್ಕಿಕೊಂಡ ತರುಣನೆಂದರೆ ಕಟಕಟೆಯಲ್ಲಿ ನಿಂತವನೊಬ್ಬನೇ ಅಲ್ಲ. ಅಣ್ಣನ ದೇಹವು ಶವಪರೀಕ್ಷೆ ಮುಗಿದು, ಹೊಲಿಗೆ ಹಾಕಿಸಿಕೊಂಡು, ಸಂಜೆಯ ಮೇಲೆ ಊರಿಗೆ ಬಂದಿತು, ಅದಕ್ಕೆ ಮೀಯಿಸುವಂತಿರಲಿಲ್ಲ. ಅಣ್ಣ ತೊಟ್ಟಿದ್ದ ಹಬ್ಬದ ಅಂಗಿ ಮಹಜರಿನಲ್ಲಿ ಸೇರಿ ಮುದ್ದೆಮಾಲಾಯಿತು. ನಾಲ್ಕು ವರ್ಷಗಳ ಅನಂತರ ಸಾಕ್ಷಿಗೆ ಕರೆದಾಗ ಅರಗಿನ ಮುದ್ರೆಯ ಬಟ್ಟೆಗಂಟನ್ನು ಬಿಚ್ಚಿ, ಅಂಗಿಯನ್ನು ಎತ್ತಿ ಹಿಡಿದು, “ಇದನ್ನು ಗುರುತಿಸುತ್ತೀರಾ?” ಎಂದು ಕೇಳಿದರು. ಗುರುತಿಸುತ್ತೇನೆಂದನು. ಅವನೇ ಜಾತ್ರೆಗೆಂದು ಅರಸೀಕೆರೆಯ ಅಂಗಡಿಯಲ್ಲಿ ಆರಿಸಿ ತಂದುಕೊಟ್ಟ ಅಂಗಿ ಅದು. ಆ ಮಾತು ಪ್ರಶ್ನೆಯಲ್ಲಿರಲಿಲ್ಲವಾದುದರಿಂದ ಹೇಳಿಕೆಯಲ್ಲಿ ಸೇರಲಿಲ್ಲ. ನಾಲ್ಕು ವರ್ಷ ಪ್ರತಿಯೊಂದು ವಾಯಿದೆಗೂ ಅವನು ಹಾಸನಕ್ಕೆ ಹೋಗಿ ಬಂದನು; ಬೆಂಗಾವಲಿಲ್ಲದೆ ಆರೋಪಿಗಳನ್ನು ಕರೆತರಲಿಲ್ಲವೆಂದೋ, ವಕೀಲರು ಇಲ್ಲವೆಂದೋ ಮುಂದಕ್ಕೆ ಹೋದ ವಾಯಿದೆಗಳೇ ಹೆಚ್ಚು. ಪ್ರತಿಸಲವೂ ಅಣ್ಣನು ಮತ್ತೊಮ್ಮೆ ಸತ್ತಂತೆ ಆಗುತ್ತಿದ್ದಿತೆಂದು ಅವನ ತಾಯಿ ಹೇಳಿದ್ದನ್ನು ಕೇಳಿದ್ದೇನೆ. ಎರಡು ಕೇರಿಗಳ ಎರಡು ಮನೆಗಳಲ್ಲಿ ಒಂದೇ ಪ್ರಾಯದ ಇಬ್ಬರು, ತಮ್ಮ ತಮ್ಮ ಸತ್ತವರನ್ನು ಕಡತಕ್ಕೆ ಒಪ್ಪಿಸಿ ಕುಳಿತಿದ್ದರು.

ನಮ್ಮ ಹುಡುಗನಿಗೆ ಹದಿನಾಲ್ಕು ತಿಂಗಳ ಮೇಲೆ ಜಾಮೀನು ದೊರೆಯಿತು. ಕಾಲೇಜಿಗೆ ಹಿಂದಿರುಗಿದನು. ಆ ವರ್ಷ ನಾನು ರಾಘವಾಂಕನ ಹರಿಶ್ಚಂದ್ರ ಕಾವ್ಯದ ಭಾಗವೊಂದನ್ನು ಪಾಠ ಹೇಳುತ್ತಿದ್ದೆ. ರಾಘವಾಂಕನ ಸೋದರಮಾವ ಹರಿಹರನು ಇದೇ ದೋರಸಮುದ್ರದಲ್ಲಿ ಹೊಯ್ಸಳರ ಕರಣಿಕನಾಗಿದ್ದನೆಂದು ಐತಿಹ್ಯವುಂಟಷ್ಟೆ. ಹಾಗಾಗಿ ಆ ಕಾವ್ಯವನ್ನು ಇಲ್ಲಿನ ಮಕ್ಕಳಿಗೆ ಹೇಳುವಾಗ ನನಗೊಂದು ವಿಶೇಷ ಉತ್ಸಾಹ. ಲೋಹಿತಾಶ್ವನು ಕಾಡಿನಲ್ಲಿ ಹಾವು ಕಚ್ಚಿ ಸಾಯುತ್ತಾನೆ. ತಾಯಿ ಚಂದ್ರಮತಿ ಪರರ ಮನೆಯ ತೊತ್ತು. ಮಗನು ಸತ್ತನೆಂದು ಕೇಳಿದರೂ ಒಡೆಯನ ಮನೆಗೆಲಸ ಮುಗಿಯದೆ ಹೊರಡುವಂತಿಲ್ಲ. ಇರುಳಿನಲ್ಲಿ ಒಬ್ಬಳೇ ಹೋಗಿ ಮಗನನ್ನು ಹುಡುಕಿ ಸುಡುಗಾಡಿಗೆ ತರುತ್ತಾಳೆ. ಅಲ್ಲಿ ಕಾಯುತ್ತಿರುವವನು ಗಂಡನೇ ಆದರೂ ಅವನೂ ಮಾರಿಕೊಂಡವನು; ತೆರಿಗೆಯಿಲ್ಲದೆ ಸುಡಗೊಡನು. ಸೆರೆಯಲ್ಲಿರುವವರ ಶೋಕವನ್ನು ಕನ್ನಡದಲ್ಲಿ ಇದಕ್ಕಿಂತ ನಿಷ್ಠುರವಾಗಿ ಹೇಳಿದ ಕಾವ್ಯವನ್ನು ನಾನರಿಯೆ. ತಂದೆತಾಯಿಗಳಿಬ್ಬರೂ ಬದ್ಧರು, ದುಃಖಿಸಲು ಒಬ್ಬಳಿಗೆ ಹೊತ್ತಿಲ್ಲ, ಒಬ್ಬನಿಗೆ ಅಧಿಕಾರವಿಲ್ಲ. ಪಾಠ ಹೇಳುವವರೆಲ್ಲ ಸತ್ಯವ್ರತವನ್ನು ಕೊಂಡಾಡಿ ಈ ಭಾಗವನ್ನು ದಾಟಿಬಿಡುವುದು ರೂಢಿ.

ತರಗತಿ ಮುಗಿದಮೇಲೆ ಹುಡುಗನು ಕಾರಿಡಾರಿನಲ್ಲಿ ಕಾದಿದ್ದು ಹೇಳಿದನು: “ಸಾರ್, ಚಂದ್ರಮತಿ ಕೆಲ್ಸ ಎಲ್ಲ ಮುಗಿಸ್ಕೊಂಡು ಹೋದ್ಲಲ್ಲ, ಅಷ್ಟೊತ್ತಾದ್ರೂ ಮಗ ಅಲ್ಲೇ ಇದ್ದ. ನಾನ್ ಹೋದಾಗ ನಮ್ಮಪ್ಪ ಇರ್ಲಿಲ್ಲ.”

ಇಪ್ಪತ್ತು ವರ್ಷಗಳಿಂದ ಆ ಭಾಗವನ್ನು ಪಾಠ ಹೇಳುತ್ತಿರುವ ನನಗೆ ಇಂಥ ಟಿಪ್ಪಣಿ ಯಾವ ವ್ಯಾಖ್ಯಾನದಲ್ಲಿಯೂ ದೊರೆತಿರಲಿಲ್ಲ.

ಮಾಡಬಹುದಾದುದೇನೆಂದು ಕೇಳಿದರೆ ನನಗೆ ತೋರುವುದು ಬಹು ದೊಡ್ಡ ಸುಧಾರಣೆಯೇನೂ ಅಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಪ್ರತಿಯೊಂದು ಜಿಲ್ಲೆಯಲ್ಲಿಯೂ ಒಂದು ಪ್ರಾಧಿಕಾರವುಂಟು. ಅದರ ಕಡೆಯ ವಕೀಲರು ಕಾರಾಗೃಹಕ್ಕೆ ಹೋಗಿಬರುತ್ತಾರೆ. ಸಾವಿನ ಸುದ್ದಿ ಬಂದ ಗಳಿಗೆಯಲ್ಲಿ, ಹಳ್ಳಿಯವರು ವಕೀಲರನ್ನು ಹುಡುಕಿಕೊಂಡು ಅಲೆಯುವ ಬದಲು, ಒಳಗಿನಿಂದಲೇ ಅರ್ಜಿ ಹೊರಡುವಂತೆ ಮಾಡುವುದು ಅಸಾಧ್ಯವೆ? ರಜೆಯ ದಿನವೂ ಅದನ್ನು ನೋಡುವ ನ್ಯಾಯಾಧೀಶರೊಬ್ಬರ ಹೆಸರನ್ನು ಕಾರಾಗೃಹದ ಬಾಗಿಲಲ್ಲಿ ಬರೆದು ಹಾಕಬಾರದೆ? ಸರ್ವೋಚ್ಚ ನ್ಯಾಯಾಲಯವೇ ೨೦೧೭ರ ಸೆಪ್ಟೆಂಬರಿನಲ್ಲಿ, ದೇಶದ ಸೆರೆಮನೆಗಳ ದುಃಸ್ಥಿತಿಯನ್ನು ಕುರಿತ ತೀರ್ಪಿನಲ್ಲಿ, ಮೊದಲ ಸಲ ಸೆರೆಗೆ ಬಂದವರಿಗೆ ಆಪ್ತಸಲಹೆಗಾರರು ಬೇಕೆಂದೂ, ಮನೆಯವರ ಭೇಟಿಗೆ ಉತ್ತೇಜನ ಕೊಡಬೇಕೆಂದೂ ಹೇಳಿದೆ. ಈಗೀಗ ದೃಶ್ಯದೂರವಾಣಿಯ ಮೂಲಕ ಅಂತ್ಯಕ್ರಿಯೆಯನ್ನು ತೋರಿಸಬಹುದೆಂಬ ಮಾತೂ ಕೇಳಿಬರುತ್ತದೆ. ಏನೂ ಇಲ್ಲದ್ದಕ್ಕಿಂತ ಅದು ಮೇಲೆಂದು ಒಪ್ಪುತ್ತೇನೆ. ಆದರೆ ನೋಡುವುದು ಬೇರೆ, ಮಣ್ಣು ಹಾಕುವುದು ಬೇರೆ. ಕಾನೂನು ತಿಳಿದ ನನ್ನ ಸ್ನೇಹಿತರೊಬ್ಬರು ಇದನ್ನು ಕೇಳಿ, ಕೈದಿಗಳೆಲ್ಲ ಸುಳ್ಳು ಸಾವುಗಳನ್ನು ಹೇಳಿಕೊಂಡು ಹೊರಬರತೊಡಗಿದರೆ ಏನು ಗತಿಯೆಂದರು. ಸುಳ್ಳು ಹೇಳುವವರು ಇದ್ದಾರು. ಹಳ್ಳಿಯಲ್ಲಿ ಒಂದು ಸಾವು ನಿಜವೋ ಸುಳ್ಳೋ ಎಂಬುದನ್ನು ತಿಳಿಯಲು ಠಾಣೆಯವರಿಗೆ ಒಂದು ಗಳಿಗೆ ಸಾಕು.

ಮೊಕದ್ದಮೆ ೨೦೨೨ರಲ್ಲಿ ಮುಗಿಯಿತು. ಹನ್ನೊಂದು ಜನರಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು; ನಮ್ಮ ಹುಡುಗನೂ ಸೇರಿದಂತೆ ಒಂಬತ್ತು ಮಂದಿ ಬಿಡುಗಡೆಯಾದರು. ಜಾಮೀನಿನ ಷರತ್ತಿನಂತೆ ಅಲ್ಲಿಯವರೆಗೆ ಅವನು ಹಳ್ಳಿಯೊಳಗೆ ಕಾಲಿಡುವಂತಿರಲಿಲ್ಲ. ಅರಸೀಕೆರೆಯಲ್ಲಿ ಸೋದರಮಾವನ ಮನೆಯಲ್ಲಿದ್ದನು. ತೀರ್ಪು ಬಂದ ವಾರದಲ್ಲಿ ಊರಿಗೆ ಹೋದನು. ತಪ್ಪಿಹೋದ ಕಾರ್ಯವನ್ನು ಈಗ ಮಾಡಬಹುದೇ ಎಂದು ಹಿರಿಯರನ್ನು ಕೇಳಿದನು. ಹಿರಿಯರಲ್ಲಿ ಚರ್ಚೆಯಾಯಿತು. ಚಿಕ್ಕಪ್ಪನ ಮಗನು ಮಾಡಿಯಾಗಿದೆ, ಒಂದೇ ಕಾರ್ಯವನ್ನು ಎರಡು ಸಲ ಮಾಡಿದರೆ ಮನೆಗೆ ಒಳ್ಳೆಯದಲ್ಲವೆಂದರು ಕೆಲವರು. ಮಗನ ಕೈಯದು ಮಗನ ಕೈಯದೇ ಎಂದರು ಉಳಿದವರು. ಕೊನೆಗೆ, ಹಾಲು ತುಪ್ಪ ಬೇಡ, ಮಣ್ಣು ಹಾಕಿ ಕೈಮುಗಿದು ಬರಲಿ ಎಂದು ತೀರ್ಮಾನವಾಯಿತು.

ಸ್ಮಶಾನಕ್ಕೆ ಅವನು ಆ ಹಳೆಯ ದಾರಿಯಲ್ಲಿಯೇ ಹೋದನು. ಎದುರು ಕೇರಿಯಲ್ಲಿ, ಸತ್ತವನ ತಮ್ಮನು ಮನೆಯ ಮುಂದೆ ನಿಂತಿದ್ದವನು ಇವನನ್ನು ಕಂಡು ಮಾತನಾಡಲಿಲ್ಲ, ಒಳಗೂ ಹೋಗಲಿಲ್ಲ. ತಂದೆಯ ಸಮಾಧಿಗೆ ಮನೆಯವರು ಒಂದು ವರ್ಷದ ಹಿಂದೆ ಕಲ್ಲು ಕಟ್ಟಿಸಿ ಸಿಮೆಂಟು ಬಳಿಸಿದ್ದರು. ಅಲ್ಲಿ ಹಿಡಿಗೆ ಸಿಕ್ಕುವಂತೆ ಮಣ್ಣಿರಲಿಲ್ಲ. ಹುಡುಗನು ಸ್ವಲ್ಪ ಹೊತ್ತು ನಿಂತಿದ್ದು, ಹೊರಗೆ ಬಂದು, ತಮ್ಮ ಹೊಲದವರೆಗೆ ನಡೆದು, ಬದುವಿನ ಮಣ್ಣನ್ನು ಟವಲಿನಲ್ಲಿ ಕಟ್ಟಿಕೊಂಡು ಹಿಂದಿರುಗಿದನು.